ಹಬ್ಬದಿಂದ ಹಬ್ಬಕ್ಕೆ ಬೆಳೆದ ರಜೆ

ನನ್ನ ಕೆಲಸ ಹೋದದ್ದು ಯಾವ ದಿನ ಎಂದು ಕೇಳಿದರೆ ನನ್ನಲ್ಲಿ ನೇರವಾದ ಉತ್ತರವಿಲ್ಲ. ಹಲ್ಲು ಕೀಳಿಸಿದ ದಿನ, ರೂಮು ಬದಲಿಸಿದ ದಿನ, ಚಪ್ಪಲಿ ಕಿತ್ತುಹೋದ ದಿನ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವ ನನ್ನಂಥವಳಿಗೆ ಇದು ನಾಚಿಕೆಗೇಡಿನ ಸಂಗತಿ. ಆದರೆ ತಪ್ಪು ನನ್ನದಲ್ಲ. ಸೂರತ್ತಿನ ನಮ್ಮ ಗಿರಣಿಯ ಶೇಠರು ಯಾರನ್ನೂ ಕೆಲಸದಿಂದ ತೆಗೆಯುವವರಲ್ಲ. ಅವರು ರಜೆ ಕೊಡುತ್ತಾರೆ. ಆ ರಜೆ ಮುಗಿಯುವುದಿಲ್ಲ, ಅಷ್ಟೇ.

ಪಾಂಡೇಸರಾ ಎಂಬ ಬಡಾವಣೆಯ ಆ ಬಣ್ಣದ ಗಿರಣಿಯಲ್ಲಿ ನಾನು ಮೂರು ವರ್ಷ ಇದ್ದೆ. ಬಣ್ಣ ಹಾಕಿದ ಸೀರೆಬಟ್ಟೆಯ ತುಂಡನ್ನು ಒಗೆದು, ಬಿಳಿ ಬಟ್ಟೆಯಿಂದ ಉಜ್ಜಿ, ಬೆವರಿನಂಥ ಉಪ್ಪುನೀರಿನಲ್ಲಿ ನೆನೆಸಿ, ಎಷ್ಟು ಬಣ್ಣ ಬಿಡುತ್ತದೆ ಎಂದು ನೋಡಿ ಐದಕ್ಕೆ ಅಂಕ ಹಾಕುವುದು ನನ್ನ ಕೆಲಸ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು ಗುಜರಾತಿಗೆ ಬಂದು ಸೀರೆಯ ಅಂಚು ಒಗೆಯುತ್ತಾಳೆ ಎಂದು ಗದಗದ ನಮ್ಮ ಮನೆಯಲ್ಲಿ ಬೇಸರವಿತ್ತು. ನನಗಿರಲಿಲ್ಲ. ಬಣ್ಣ ಬಿಡುವ ಸೀರೆಗೆ ನಾನು ಎರಡು ಅಂಕ ಹಾಕಿದರೆ ಮಾರುಕಟ್ಟೆಯ ವ್ಯಾಪಾರಿ ಮೂರು ಹಾಕಿಸಿಕೊಳ್ಳಲು ಮಹಡಿ ಹತ್ತಿ ಬರುತ್ತಿದ್ದ. ನಾನು ಎರಡೇ ಉಳಿಸುತ್ತಿದ್ದೆ. ಆಮೇಲೆ ಮ್ಯಾನೇಜರ್ ಅದನ್ನು ಮೂರು ಮಾಡುತ್ತಿದ್ದರು. ಅದು ಅವರ ಕೆಲಸ.

ನಮ್ಮ ಕಡೆ ದೀಪಾವಳಿ ಎಂದರೆ ಮೂರು ದಿನ. ನೀರು ತುಂಬುವುದು, ಅಮಾವಾಸ್ಯೆ, ಪಾಡ್ಯ. ಮರುದಿನ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ. ಸೇರಿದ ಮೊದಲ ವರ್ಷ ನಾನು ಈ ಲೆಕ್ಕದಲ್ಲೇ ಪಾಡ್ಯದ ಮರುದಿನ ಡಬ್ಬಿ ಕಟ್ಟಿಕೊಂಡು ಗಿರಣಿಯ ಗೇಟಿಗೆ ಹೋಗಿ ನಿಂತಿದ್ದೆ. ಬೀಗ ಹಾಕಿತ್ತು. ಒಳಗಿನಿಂದ ವಾಚ್‌ಮನ್ ನಗುತ್ತ, "ಮೇಡಂ, ಲಾಭ್ ಪಾಂಚಮ್ ತನಕ ಇಲ್ಲಿ ನಾಯಿ ಕೂಡ ಬರೋದಿಲ್ಲ" ಎಂದ. ಗುಜರಾತಿನ ವ್ಯಾಪಾರಿಗಳು ದೀಪಾವಳಿಯ ಪಾಡ್ಯಕ್ಕೆ ಶುರುವಾಗುವ ತಮ್ಮ ಹೊಸ ವರ್ಷದ ಐದನೆಯ ದಿನ, ಆ ಲಾಭ್ ಪಾಂಚಮ್‌ನಂದು ಪೂಜೆ ಮಾಡಿ ಅಂಗಡಿ ತೆರೆಯುತ್ತಾರೆಂಬುದು ನನಗೆ ಗೊತ್ತಾದದ್ದು ಹಾಗೆ. ಆಮೇಲಿನ ವರ್ಷಗಳಲ್ಲಿ ನಾನು ಈ ಊರಿನ ಹಬ್ಬಗಳನ್ನೆಲ್ಲ ಕಲಿತುಕೊಂಡೆ. ಕಲಿತದ್ದೇ ಮುಂದೆ ನನ್ನನ್ನು ಮೂರು ತಿಂಗಳು ಮೂರ್ಖಳನ್ನಾಗಿ ಮಾಡಿತು.

ಮೂರನೆಯ ವರ್ಷದ ದೀಪಾವಳಿಗೆ ಮುಂಚಿನ ಸಂಜೆ ಶೇಠರು ಎಲ್ಲರಿಗೂ ಸಿಹಿಯ ಡಬ್ಬಿ ಕೊಟ್ಟರು. ಹಿಂದಿನ ಎರಡು ವರ್ಷ ನನಗೆ ಬಂದದ್ದು ಸೋನ್‌ಪಾಪಡಿ. ಈ ಸಲ ಗೋಡಂಬಿ ಬರ್ಫಿ, ಮೇಲೆ ಒಂದು ಬೆಳ್ಳಿಬಣ್ಣದ ಲಕ್ಷ್ಮಿ. "ಬೆನ್, ತುಂಬಾ ದುಡಿದಿದ್ದೀರಿ. ಚೆನ್ನಾಗಿ ವಿಶ್ರಾಂತಿ ತಗೊಳ್ಳಿ" ಎಂದರು. ಇಲ್ಲಿ ಹೆಂಗಸರನ್ನೆಲ್ಲ ‘ಬೆನ್’, ಅಂದರೆ ಅಕ್ಕ ತಂಗಿ ಎಂದು ಕರೆಯುವುದು ವಾಡಿಕೆ. ನಾನು ಹಿಗ್ಗಿ ಹೋದೆ. ರೂಮಿನ ಗೆಳತಿಯರಿಗೆ ಡಬ್ಬಿ ತೋರಿಸಿ, ಬಡ್ತಿ ಬರುತ್ತದೇನೋ ಎಂದೂ ಹೇಳಿದೆ. ಆ ವರ್ಷ ಬರ್ಫಿ ಸಿಕ್ಕವರು ಯಾರೂ ಮತ್ತೆ ಗಿರಣಿಗೆ ಬರಲಿಲ್ಲ. ಸೋನ್‌ಪಾಪಡಿಯವರು ಇನ್ನೂ ಅಲ್ಲೇ ಇದ್ದಾರೆ. ನಮ್ಮನ್ನು ಎಷ್ಟು ಅಗ್ಗವಾಗಿ ತೂಗಿದ್ದರು ಎಂದು ಯೋಚಿಸಿದಾಗಲೆಲ್ಲ ನನಗೆ ಶೇಠರಿಗಿಂತ ನನ್ನ ಹಿಗ್ಗಿನ ಮೇಲೆಯೇ ಹೆಚ್ಚು ಹೇಸಿಗೆ.

ಲಾಭ್ ಪಾಂಚಮ್‌ನಂದು ಹೊಸ ಕುರ್ತಾ ತೊಟ್ಟು ಬೆಳಗ್ಗೆಯೇ ಹೋದೆ. ಮೆಷಿನ್‌ಗಳಿಗೆ ಸ್ವಸ್ತಿಕ ಬರೆದಿದ್ದರು. ತೆಂಗಿನಕಾಯಿ ಒಡೆದರು. ಶೇಠಾಣಿ ಹಣೆಗೆ ಕುಂಕುಮ ಇಟ್ಟು ಕೈಗೆ ಪೇಡೆ ಕೊಟ್ಟರು. ನಾನು ಲ್ಯಾಬಿನ ಮೆಟ್ಟಿಲ ಕಡೆ ತಿರುಗಿದೆ. ಮ್ಯಾನೇಜರ್ ಹಿಂದಿನಿಂದ ಕರೆದರು.

"ಎಲ್ಲಿಗೆ ಬೆನ್? ಇವತ್ತು ಬರೀ ಮುಹೂರ್ತ."

"ನಾಳೆ ಬರಲಾ?"

"ನಾಳೆ ಯಾಕೆ? ಬಿಹಾರದ ಕೆಲಸಗಾರರು ಊರಿಂದ ಬರಬೇಕಲ್ಲ. ದೇವ್ ದಿವಾಳಿ ಆಗಲಿ."

ದೇವ್ ದಿವಾಳಿ ಎಂದರೆ ಕಾರ್ತಿಕ ಹುಣ್ಣಿಮೆ. ಇನ್ನು ಹತ್ತು ದಿನದ ಮಾತು. ಆ ಹತ್ತು ದಿನ ಸೂರತ್ತಿನ ರೂಮಿನಲ್ಲಿ ಕೂತು ಏನು ಮಾಡುವುದೆಂದು ನಾನು ವಡೋದರಾಕ್ಕೆ, ಮಂಜಲ್‌ಪುರದಲ್ಲಿರುವ ಸೋದರಮಾವನ ಮನೆಗೆ ಹೋದೆ. ಮಾವ ಬ್ಯಾಂಕಿನಲ್ಲಿ ಅಧಿಕಾರಿ. ಹುಬ್ಬಳ್ಳಿಯಿಂದ ನಾಂದೇಡ, ನಾಂದೇಡದಿಂದ ರಾಜಕೋಟ, ರಾಜಕೋಟದಿಂದ ವಡೋದರಾ ಎಂದು ವರ್ಗವಾಗುತ್ತ ಬಂದವರು. ಅತ್ತೆ, ಹನ್ನೊಂದನೆಯ ಇಯತ್ತೆಯ ಮಗಳು, ಬಾಲ್ಕನಿಯಲ್ಲಿ ಐದು ತುಳಸಿ ಗಿಡ. ಹತ್ತು ದಿನಕ್ಕೆಂದು ಎರಡು ಜೊತೆ ಬಟ್ಟೆ ಒಯ್ದಿದ್ದೆ.

ಹುಣ್ಣಿಮೆಯ ದಿನ ಮ್ಯಾನೇಜರ್ ಫೋನಿಗೆ ಚಿತ್ರ ಕಳಿಸಿದರು. ದೀಪ, ಕಮಲ, ಜೋಡಿಸಿದ ಎರಡು ಕೈ. ಕೆಳಗೆ, ‘ಆರ್ಡರ್ ಬರುತ್ತಿವೆ, ಸ್ವಲ್ಪ ತಾಳಿ’. ನಾನು ತಾಳಿದೆ. ಡಿಸೆಂಬರ್ ನಡುವಿನ ಹೊತ್ತಿಗೆ ತಾಳಲಾರದೆ ಫೋನ್ ಮಾಡಿದೆ.

"ಬೆನ್, ನೀವೇ ಹೇಳಿ, ಕಮುರ್ತಾ ಕೂತಿದೆ" ಎಂದರು ಅವರು. ನಮ್ಮ ಧನುರ್ಮಾಸವನ್ನು ಇಲ್ಲಿ ಕಮುರ್ತಾ ಎನ್ನುತ್ತಾರೆ. "ಈ ತಿಂಗಳಲ್ಲಿ ಹೊಸ ಕೆಲಸ ಯಾರಾದರೂ ಶುರು ಮಾಡ್ತಾರಾ?"

"ಹೊಸದೇನು ಬಂತು? ಗಿರಣಿ ಹಳೇದು, ನಾನೂ ಹಳಬಳು."

"ನಿಂತದ್ದನ್ನ ಶುರು ಮಾಡೋದು ಹೊಸದೇ ಆಯ್ತಲ್ಲ ಬೆನ್. ಉತ್ತರಾಯಣ ಆಗಲಿ. ಸೂರ್ಯ ತಿರುಗಲಿ. ಎಲ್ಲಾ ತಿರುಗುತ್ತೆ."

ಸೂರ್ಯನನ್ನೂ ತಮ್ಮ ಆಫೀಸಿನ ಗುಮಾಸ್ತನನ್ನಾಗಿ ಮಾಡಿಕೊಂಡವರ ಜೊತೆ ಏನು ವಾದ ಮಾಡುವುದು? ಆದರೆ ಮಾವ ಅದನ್ನು ಕೇಳಿ ಮೆಚ್ಚಿ ತಲೆದೂಗಿದರು.

"ಬರೊಬ್ಬರಿ ಹೇಳ್ಯಾರ ನೋಡವಾ. ಧನುರ್ಮಾಸದಾಗ ನಮ್ಮಾಗೂ ಏನೂ ಹಿಡಿಯಂಗಿಲ್ಲ. ಧರ್ಮಿಷ್ಠ ಮಂದಿ."

"ಧನುರ್ಮಾಸದಾಗ ನಿಮ್ಮ ಬ್ಯಾಂಕಿನ ಬಾಗಲಾ ಹಾಕ್ತೀರೇನ್ರೀ ಮಾಮಾ?"

"ಸರಕಾರಿ ಬ್ಯಾಂಕಿಗೆ ಧನುರ್ಮಾಸ ಬರಂಗಿಲ್ಲ, ಹುಚ್ಚಿ."

ಅತ್ತೆ ಒಳಗಿನಿಂದ, "ನಿಮ್ಮ ಬ್ಯಾಂಕಿಗೆ ಹನ್ನೆರಡೂ ತಿಂಗಳು ಶೂನ್ಯಮಾಸನ ಅದ. ಹುಡುಗಿ ಬಾಯಿಗೆ ಹತ್ತಬ್ಯಾಡ್ರಿ" ಎಂದರು. ಆ ಮನೆಯಲ್ಲಿ ಬುದ್ಧಿಯಿದ್ದದ್ದು ಅತ್ತೆಗೆ ಮಾತ್ರ. ಮಗಳಂತೂ ದಿನಾ ಟ್ಯೂಶನ್ನಿನಿಂದ ಬಂದೊಡನೆ ತನ್ನ ಮುರುಕು ಕನ್ನಡದಲ್ಲಿ ಕೇಳುತ್ತಿದ್ದಳು: "ಅಕ್ಕಾ, ನಿಮ್ದು ವೆಕೇಶನ್ ಬಹುತ್ ಲಾಂಗ್ ಆಯ್ತು, ನಾ?"

ಕೆಲಸ ಹೋದವರಿಗಿಂತ, ಕೆಲಸ ಹೋದವರ ಸಂಬಂಧಿಕರಿಗೆ ಮರ್ಯಾದೆಯ ಚಿಂತೆ ಹೆಚ್ಚು. ಆ ಫೋನಿಗೆ ಸ್ವಲ್ಪ ಮೊದಲು, ನವೆಂಬರಿನ ಕೊನೆಯ ಭಾನುವಾರ, ವಡೋದರಾದ ಕನ್ನಡಿಗರು ಬಾಡಿಗೆಯ ಒಂದು ಹಾಲಿನಲ್ಲಿ ರಾಜ್ಯೋತ್ಸವ ಮಾಡಿದರು. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಬ್ಯಾಂಕು, ರೈಲ್ವೆ, ವಿಮೆಯವರು. ತಾವಾಗಿ ಗುಜರಾತಿಗೆ ಬಂದವರು ಕಡಿಮೆ, ಎಲ್ಲರನ್ನೂ ಯಾರೋ ಮೇಲಿನವರು ಇಲ್ಲಿಗೆ ಹಾಕಿದ್ದಾರೆ. ಆದ್ದರಿಂದ ಪರಿಚಯದ ಮೊದಲ ಪ್ರಶ್ನೆ ಹೆಸರಲ್ಲ, ಊರಲ್ಲ. "ನಿಮ್ದು ಯಾವ ಡಿಪಾರ್ಟ್‌ಮೆಂಟು? ಟ್ರಾನ್ಸ್‌ಫರ್ ಆಗಿ ಎಷ್ಟು ವರ್ಷ ಆಯ್ತು?" ಖಾಸಗಿ ಗಿರಣಿ ಎಂದರೆ ಅವರ ಮುಖದಲ್ಲಿ ನೊಣ ಬಿದ್ದ ಚಹಾ ನೋಡಿದಂಥ ಭಾವ. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬರುತ್ತಿದ್ದರು.

"ನಮ್ಮ ಅಕ್ಕನ ಮಗಳ್ರೀ. ಸೂರತ್‌ನಾಗ ದೊಡ್ಡ ಗಿರಣಿ ಲ್ಯಾಬ್ ಪೂರಾ ಇಕೀನ ನೋಡ್ಕೋತಾಳ. ರಜಾದ ಮ್ಯಾಲ ಬಂದಾಳ."

ಆ ಸಂಜೆ ಎಷ್ಟು ಸಲ ನಾನು ರಜೆಯ ಮೇಲೆ ಬಂದೆನೆಂದು ಲೆಕ್ಕವಿಟ್ಟಿದ್ದೆ. ಒಂಬತ್ತು ಸಲ. ಭಾಷಣ ಮಾಡಿದ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರು ಯುವಜನ ಸವಾಲುಗಳನ್ನು ಪ್ರೀತಿಸಬೇಕೆಂದು ಕರೆ ಕೊಟ್ಟರು. ಮೂವತ್ತೈದು ವರ್ಷ ಪ್ರತಿ ತಿಂಗಳು ಸಂಬಳ ಎಣಿಸಿ, ಈಗ ಪಿಂಚಣಿ ಎಣಿಸುತ್ತಿರುವ ಮನುಷ್ಯನ ಬಾಯಲ್ಲಿ ಸವಾಲು ಎಂಬ ಮಾತು ಎಷ್ಟು ಮೆತ್ತಗೆ ಕೇಳಿಸುತ್ತದೆಂದರೆ, ಪಕ್ಕದಲ್ಲಿ ಕೂತವರು ನಿದ್ದೆ ಹೋದರು.

ಡಿಸೆಂಬರಿನಲ್ಲಿ ನಾನು ಬೇರೆ ಕೆಲಸ ಹುಡುಕಲು ಹೊರಟೆ. ವಡೋದರಾದ ಮಕರಪುರಾದಲ್ಲಿ ಮೂರು ಕಂಪನಿ, ಅಹಮದಾಬಾದಿನಲ್ಲಿ ನಾಲ್ಕು. ಸಂದರ್ಶನ ಮಾಡುವವರ ಬಗ್ಗೆ ನನಗೆ ಆವರೆಗೆ ಸ್ವಲ್ಪ ಭಯವಿತ್ತು. ಏಳು ಜನರನ್ನು ನೋಡಿದ ಮೇಲೆ ಹೋಯಿತು. ನನ್ನ ವಿದ್ಯೆಯ ಬಗ್ಗೆ ಒಂದು ಪ್ರಶ್ನೆ ಕೇಳಿದವರು ಇಬ್ಬರು. ಮದುವೆ ಯಾವಾಗ ಎಂದು ಕೇಳಿದವರು ಐವರು. ಒಬ್ಬರು ನನ್ನ ಜಾತಕ ಕೇಳುವುದೊಂದು ಬಾಕಿ. ಇನ್ನೊಬ್ಬರು, ಗಾಜಿನ ಕಟ್ಟಡದ ಎಂಟನೆಯ ಮಹಡಿಯಲ್ಲಿ ಕೂತ ನನ್ನದೇ ವಯಸ್ಸಿನ ಹುಡುಗಿ, "ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?" ಎಂದು ಕೇಳಿದಳು. ಮುಂದಿನ ವಾರ ಎಲ್ಲಿ ಇರುತ್ತೇನೆಂದು ತಿಳಿಯಲು ನಾನು ಅಲ್ಲಿಗೆ ಹೋಗಿದ್ದೆ.

ಇವೆಲ್ಲವನ್ನೂ ಸಹಿಸಬಹುದಿತ್ತು. ಪ್ರತಿ ಕಡೆಯೂ ನಾನು ಸಿಕ್ಕಿಬಿದ್ದದ್ದು ಒಂದೇ ಪ್ರಶ್ನೆಗೆ.

"ಈಗ ಕೆಲಸದಲ್ಲಿ ಇದ್ದೀರಾ?"

"ರಜೆಯಲ್ಲಿದ್ದೇನೆ."

"ಯಾವತ್ತಿನಿಂದ?"

"ದೀಪಾವಳಿಯಿಂದ."

ಮಕರಪುರಾದ ಒಬ್ಬ ಮನುಷ್ಯ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ನಕ್ಕ. "ಸೂರತ್ತಿನ ರಜೆನಾ! ಹಾಗಾದರೆ ಅವರು ನಿಮ್ಮನ್ನು ಬಿಟ್ಟಿದ್ದಾರೆ ಅಂತ ಒಂದು ಪತ್ರ ತನ್ನಿ. ಇನ್ನೊಬ್ಬರ ಸ್ಟಾಫನ್ನು ನಾವು ತಗೊಳ್ಳೋದಿಲ್ಲ."

ಪತ್ರ ಕೇಳಲು ಸೂರತ್ತಿಗೆ ಫೋನ್ ಮಾಡಿದರೆ ಮ್ಯಾನೇಜರ್ ನೊಂದುಕೊಂಡರು. "ಬಿಡುಗಡೆ ಪತ್ರನಾ? ನಿಮ್ಮನ್ನು ಬಿಟ್ಟವರು ಯಾರು ಬೆನ್? ನೀವು ನಮ್ಮ ಮನೆಯವರು. ಬೇಕಾದರೆ ರಾಜೀನಾಮೆ ಬರೆದು ಕಳಿಸಿ. ದುಃಖದಿಂದ ಒಪ್ಪಿಕೊಳ್ಳುತ್ತೇವೆ."

ಆಗ ನನಗೆ ಇಡೀ ಯಂತ್ರ ಕಾಣಿಸಿತು. ಸಂಬಳವಿಲ್ಲದ ಈ ರಜೆ ಯಾರೂ ತಡೆದುಕೊಳ್ಳಲಾರದಷ್ಟು ಬೆಳೆಯುತ್ತದೆ. ತಡೆಯಲಾರದವರು ತಾವಾಗಿ ರಾಜೀನಾಮೆ ಬರೆಯುತ್ತಾರೆ. ಶೇಠರ ಕೈಗೆ ಕಲೆ ಹತ್ತುವುದಿಲ್ಲ. ಕೊನೆಗೆ ಕಾಗದದ ಮೇಲೆ ಉಳಿಯುವುದು, ಅಷ್ಟು ಒಳ್ಳೆಯ ಗಿರಣಿಯನ್ನು ಇವಳೇ ಬಿಟ್ಟು ಹೋದಳು ಎಂಬುದು. ನಮ್ಮ ಊರಿನ ಕಿರಾಣಿ ಅಂಗಡಿಯವನು ಆಳು ಬೇಡವೆನಿಸಿದರೆ "ನಾಳಿಂದ ಬರಬ್ಯಾಡ" ಎಂದು ರಸ್ತೆಗೆ ಕೇಳುವಂತೆ ಕೂಗುತ್ತಾನೆ. ಆಳು ಅವನಿಗೆ ನಾಲ್ಕು ಬೈದು ಮುಂದಿನ ಅಂಗಡಿಗೆ ಹೋಗುತ್ತಾನೆ. ಇಬ್ಬರಿಗೂ ಅಂದೇ ಮುಗಿಯುತ್ತದೆ. ಈ ನಯವಂತರ ಕೈಯಲ್ಲಿ ಸಿಕ್ಕವರಿಗೆ ಆ ಭಾಗ್ಯವೂ ಇಲ್ಲ.

ಮಾವನಿಗೆ ರಾಜೀನಾಮೆ ಹಿಡಿಸಿತು. "ಬರೆದು ಒಗದಬಿಡವಾ. ನೀನ ಬಿಟ್ಟಂಗಾಗ್ತದ. ಮರ್ಯಾದಿ ಉಳೀತದ."

"ತಗದವ್ರು ಅವ್ರು. ಬಿಟ್ಟೆ ಅಂತ ನಾ ಯಾಕ ಬರೀಲಿ?"

"ಒಂದ ಕಾಗದಕ್ಕ ಇಷ್ಟ ಹಟಾ?"

"ಕಾಗದಕ್ಕಲ್ರೀ ಮಾಮಾ. ಒಂದ ಮಾತಿಗೆ. ಅವ್ರ ಬಾಯಿಂದ ಒಂದ ಮಾತು ಬರಬೇಕು."

"ಮಾತು ಉಣ್ತೀ ಏನು?" ಎಂದು ಮಾವ ಪೇಪರು ಎತ್ತಿಕೊಂಡರು.

ಉತ್ತರಾಯಣದ ದಿನ ವಡೋದರಾಕ್ಕೆ ವಡೋದರಾವೇ ತಾರಸಿಯ ಮೇಲಿತ್ತು. ಗಾಳಿಪಟ, ಊಂಧಿಯು ಎಂಬ ಗಡ್ಡೆ ತರಕಾರಿಯ ಪಲ್ಯ, ಸ್ಪೀಕರಿನ ಕೂಗಾಟ. ನಾನು ಅತ್ತೆಯ ಜೊತೆ ಕಬ್ಬು ತಿನ್ನುತ್ತ ನಿಂತಿದ್ದಾಗ ಮ್ಯಾನೇಜರರ ಸಂದೇಶ ಬಂತು. ಗಾಳಿಪಟದ ಚಿತ್ರ, ಜೋಡಿಸಿದ ಕೈ, ಹೋಳಿಯವರೆಗೆ ಕಾಯಬೇಕೆಂಬ ವಿನಂತಿ. ಸೂರ್ಯ ತಿರುಗಿದ್ದ, ಇವರು ತಿರುಗಿರಲಿಲ್ಲ. ಹೋಳಿಯ ಆಚೆಗೆ ರಾಮನವಮಿ ಇದೆ, ರಥಯಾತ್ರೆ ಇದೆ, ನವರಾತ್ರಿ ಇದೆ. ಈ ನಾಡಿನಲ್ಲಿ ಹಬ್ಬಗಳಿಗೆ ಬರವಿಲ್ಲ. ಅತ್ತೆ ಸಂದೇಶವನ್ನು ಓದಿ ಫೋನು ನನ್ನ ಕೈಗಿಟ್ಟು, "ನೀ ಅಲ್ಲೇ ಹೋಗಿ ಕುಂದ್ರು. ರಜಾ ಇದ್ದವ್ರು ಕೆಲಸಕ್ಕ ಹೋಗಬಾರದಂತ ಎಲ್ಲಿ ಅದ?" ಎಂದರು. ತಮಾಷೆಗೆ ಅಂದರೋ ಏನೋ. ನಾನು ನಾಲ್ಕನೆಯ ದಿನ ರೈಲು ಹತ್ತಿದೆ.

ಸೂರತ್ತಿನಲ್ಲಿ ಹಳೆಯ ರೂಮಿನ ಗೆಳತಿಯ ಬಳಿ ಉಳಿದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿಕೊಂಡು ಗಿರಣಿಗೆ ಹೋದೆ. ಒಂದು ಮೂಲೆಯಲ್ಲಿ ಎರಡು ಮೆಷಿನ್ ಮಾತ್ರ ಓಡುತ್ತಿದ್ದವು. ಉಳಿದ ಜಾಗದಲ್ಲಿ ಪಾರಿವಾಳಗಳಿದ್ದವು. ಲ್ಯಾಬಿನ ಕೀ ಕೇಳಿದೆ. ಕೊಡಬೇಡ ಎಂದು ಯಾರೂ ವಾಚ್‌ಮನ್ನಿಗೆ ಹೇಳಿರಲಿಲ್ಲ. ನನಗೇ ಹೇಳದವರು ಅವನಿಗೆ ಏಕೆ ಹೇಳುತ್ತಾರೆ? ಅವನು ಸಲಾಮು ಹೊಡೆದು ಕೊಟ್ಟ. ನಾನು ಮೇಜು ಒರೆಸಿ, ಪಾರಿವಾಳದ ಹಿಕ್ಕೆ ಗುಡಿಸಿ, ಹಳೆಯ ಬಟ್ಟೆಯ ತುಂಡುಗಳನ್ನು ಒಗೆದು ಅಂಕ ಹಾಕುತ್ತ ಕೂತೆ.

ಹತ್ತು ಗಂಟೆಗೆ ಮ್ಯಾನೇಜರ್ ಬಂದರು. "ಅರೇ ಬೆನ್! ರಜೆಯಲ್ಲಿ ಬಂದಿದ್ದೀರಿ?"

"ಮನೆಯಲ್ಲಿ ಕೂತು ಬೇಸರ ಬಂತು."

"ಹ್ಹೆ ಹ್ಹೆ. ಒಳ್ಳೆಯದು, ಒಳ್ಳೆಯದು. ಚಹಾ ಕುಡಿಯಿರಿ."

ಚಹಾ ಬಂತು. ಆ ಗಿರಣಿಯಲ್ಲಿ ಬೆಳಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಒಳಗಿದ್ದವರಿಗೆಲ್ಲ ಚಹಾ ಕೊಡುವ ಪದ್ಧತಿ. ವಸೂಲಿಗೆ ಬಂದವನಿಗೂ, ಕೊರಿಯರಿನವನಿಗೂ, ಸುಂಕದ ಅಧಿಕಾರಿಗೂ. ಮಂಗಳವಾರ ಶೇಠರೇ ಮೆಟ್ಟಿಲ ಕೆಳಗಿನಿಂದ ನೋಡಿ, "ತಬಿಯತ್ ಹೇಗಿದೆ ಬೆನ್? ಊರಲ್ಲಿ ಎಲ್ಲ ಕ್ಷೇಮವಾ?" ಎಂದು ಕೇಳಿ ಉತ್ತರ ಕೇಳದೆ ಕಾರು ಹತ್ತಿದರು. ಚಹಾ ಬಂತು. ಬುಧವಾರ ಯಾರೂ ಮಾತಾಡಿಸಲಿಲ್ಲ. ಚಹಾ ಮಾತ್ರ ಬಂತು, ಸ್ವಲ್ಪ ತಣ್ಣಗಾಗಿ.

ಗುರುವಾರ ಬರಲಿಲ್ಲ.

ಹತ್ತಾಯಿತು, ಹತ್ತೂವರೆಯಾಯಿತು. ಮೇಲಿನಿಂದ ಬಗ್ಗಿ ನೋಡಿದೆ. ಲೆಕ್ಕದ ಗುಮಾಸ್ತ ಕುಡಿಯುತ್ತಿದ್ದ. ವಾಚ್‌ಮನ್ ಕುಡಿಯುತ್ತಿದ್ದ. ಗುಜರಿಯವರಿಬ್ಬರು ಒಂದು ಹಳೆಯ ಮೆಷಿನ್ ಅಳೆಯಲು ಬಂದಿದ್ದರು, ಅವರೂ ಕುಡಿಯುತ್ತಿದ್ದರು. ಚಹಾ ತರುವವನು ನನ್ನ ಕಡೆ ಕತ್ತೆತ್ತಲಿಲ್ಲ. ಸಂಜೆ ನಾಲ್ಕಕ್ಕೂ ಅದೇ. ಮೂರು ತಿಂಗಳಲ್ಲಿ ಆ ಗಿರಣಿ ನನಗೆ ಹೇಳಿದ ಮೊದಲ ನಿಜ ಅದು. ಅದನ್ನೂ ಬಾಯಲ್ಲಿ ಹೇಳಲಿಲ್ಲ, ಒಂದು ಲೋಟ ಕಡಿಮೆ ಮಾಡಿ ಹೇಳಿದರು. ಇಷ್ಟಕ್ಕೇ ಎದ್ದು ಹೋಗುತ್ತೇನೆಂದು ಅಂದುಕೊಂಡಿರಬೇಕು. ಅವರ ಕಡೆಯವರು ಹೋಗುತ್ತಾರೇನೋ. ನಾನು ಶುಕ್ರವಾರ ಫ್ಲಾಸ್ಕಿನಲ್ಲಿ ನನ್ನ ಚಹಾ ನಾನೇ ತಂದುಕೊಂಡೆ.

ಅದನ್ನು ಕಂಡ ಮ್ಯಾನೇಜರ್ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

"ಏನು ಬೇಕು ನಿಮಗೆ?"

"ಒಂದು ಮಾತು. ನನಗೆ ಕೆಲಸ ಇದೆಯಾ, ಇಲ್ಲವಾ?"

"ನಮ್ಮ ಶೇಠರ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರಿಗೂ ಹೋಗು ಅಂದದ್ದಿಲ್ಲ, ಬೆನ್."

"ಸರಿ. ಹಾಗಾದರೆ ನಾನಿರುತ್ತೇನೆ. ಸೋಮವಾರ ಹೊಸ ಬೀಕರು ತರಿಸಿ, ಎರಡು ಒಡೆದಿವೆ."

"ಯಾವ ಬೀಕರು? ಲ್ಯಾಬೇ ಇರೋದಿಲ್ಲ! ಮೆಷಿನ್ ಮಾರಿ ಆಯ್ತು. ಇದು ಗೋಡೌನ್ ಆಗುತ್ತೆ." ಅವರ ಹಿಂದಿ ಅಲ್ಲಿಗೆ ಮುಗಿದು ಗುಜರಾತಿ ಶುರುವಾಯಿತು. "ನಿನ್ನ ಕೆಲಸ ಇಲ್ಲ. ದೀಪಾವಳಿಗೇ ಮುಗಿದಿತ್ತು. ಇಲ್ಲ ಅಂದರೆ ಇಲ್ಲ. ಎದ್ದು ಹೋಗು!"

ಮೂರು ತಿಂಗಳಿಂದ ನಾನು ಕೇಳಲು ಕಾಯುತ್ತಿದ್ದ ಮಾತು. ಕೇಳಿದೊಡನೆ ನನಗೆ ಬಂದದ್ದು ಸಿಟ್ಟು. ಇಷ್ಟು ಒರಟಾಗಿ ಹೇಳಬೇಕಿತ್ತೇ ಎಂಬ ಸಿಟ್ಟು! ಕಣ್ಣು ಒದ್ದೆಯಾಯಿತು. ಅದನ್ನು ಅವರು ನೋಡಬಾರದೆಂದು ಸಿಂಕಿನ ಕಡೆ ತಿರುಗಿ ಒಡೆಯದ ಬೀಕರುಗಳನ್ನೆಲ್ಲ ತೊಳೆದೆ. ಆಮೇಲೆ, "ಇದನ್ನೇ ಬರೆದು ಕೊಡಿ" ಎಂದೆ.

ಅವರು ಮೊದಲು ‘ವೈಯಕ್ತಿಕ ಕಾರಣದಿಂದ’ ಎಂದು ಟೈಪು ಮಾಡಿಸಿ ತಂದರು. ಹಿಂದಿರುಗಿಸಿದೆ. ಎರಡನೆಯ ಸಲ, ಗಿರಣಿಯ ವ್ಯವಹಾರ ಕುಗ್ಗಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ ಎಂದು ಬಂತು. ಕೆಲಸದ ಕೊನೆಯ ದಿನವೆಂದು ಬರ್ಫಿ ಕೊಟ್ಟ ದಿನವನ್ನೇ ಹಾಕಿದ್ದರು. ಅದನ್ನು ನಾನು ದಿನಚರಿಯಲ್ಲಿ ಒಪ್ಪಿಕೊಂಡಿಲ್ಲ. ಹೇಳಿದ ದಿನವೇ ಹೋದ ದಿನ ಎಂಬುದು ನನ್ನ ಲೆಕ್ಕ.

ಫೆಬ್ರುವರಿಯಲ್ಲಿ ಅಹಮದಾಬಾದಿನ ನರೋಡಾದಲ್ಲಿ ಒಂದು ಸಣ್ಣ ಪ್ರಯೋಗಾಲಯಕ್ಕೆ ಹೋದೆ. ಸುತ್ತಲಿನ ಕಾರ್ಖಾನೆಗಳು ಹೊರಗೆ ಬಿಡುವ ನೀರನ್ನು ಪರೀಕ್ಷಿಸಿ ವರದಿ ಕೊಡುವ ಜಾಗ. ಮಾಲೀಕ ಕುಳ್ಳ ಮನುಷ್ಯ, ಶರ್ಟಿನ ಮೇಲೆ ಆಸಿಡ್ಡಿನ ತೂತುಗಳು. ನಾನು ಕೂರುವ ಮೊದಲೇ ಕೇಳಿದ.

"ಹಳೇ ಕೆಲಸ ಯಾಕೆ ಬಿಟ್ಟೆ?"

"ಬಿಡಲಿಲ್ಲ. ತೆಗೆದರು."

ಅವನು ತಲೆಯೆತ್ತಿದ. "ಎಲ್ಲರೂ ಹೊಸ ಅವಕಾಶಕ್ಕೆ ಬಿಟ್ಟೆ ಅಂತಾರೆ. ನಿನಗೆ ಅದು ಹೇಳಿಕೊಟ್ಟಿಲ್ಲವಾ?"

"ಹೇಳಿಕೊಟ್ಟಿದ್ದಾರೆ. ಇಷ್ಟವಾಗಲಿಲ್ಲ."

ಅವನು ಪತ್ರ ಓದಿದ. ಕರಗಿದ ಆಮ್ಲಜನಕ ಅಳೆಯುವುದು ಹೇಗೆಂದು ಕೇಳಿದ. ಹೇಳಿದೆ. ನಡುವೆ ಎರಡು ಸಲ ತಪ್ಪು ಎಂದ, ಒಂದು ಸಲ ನಿಜವಾಗಿಯೂ ತಪ್ಪಾಗಿತ್ತು. "ಇಲ್ಲಿ ಬರುವ ಗಿರಾಕಿಗಳಿಗೆ ನೀರು ಕೆಟ್ಟಿದೆ ಅಂತ ಮುಖಕ್ಕೆ ಹೇಳಬೇಕು. ನನ್ನ ಹುಡುಗರು ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಎಳೆಯುತ್ತಾರೆ. ಬೈಗುಳ ನನಗೆ ಬರುತ್ತೆ. ನೀನು ಹೇಳ್ತೀಯಾ?" ಎಂದ. ಹೇಳುತ್ತೇನೆ ಎಂದೆ. ಮರುದಿನದಿಂದ ಬರಲು ಹೇಳಿದ. ಸೂರತ್ತಿಗಿಂತ ದೊಡ್ಡ ಕೆಲಸವೇನಲ್ಲ. ವಾಸನೆ ಮೊದಲ ವಾರ ಊಟಕ್ಕೂ ಬಂದು ಕೂತಿತ್ತು. ಮಾಲೀಕ ನನ್ನ ಮೊದಲ ವರದಿಯನ್ನು ಎಲ್ಲರೆದುರು ಕಸ ಎಂದು ಕರೆದ. ಏನೇ ಆಗಲಿ, ಅವನು ಏನು ಹೇಳುತ್ತಿದ್ದಾನೆಂದು ಒಂದು ದಿನವೂ ಪಂಚಾಂಗ ನೋಡಿ ತಿಳಿದುಕೊಳ್ಳಬೇಕಾಗಿಲ್ಲ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಖುಷಿಪಟ್ಟರು. ಎಷ್ಟು ಖುಷಿಯೆಂದರೆ, ಯುಗಾದಿಯ ದಿನ ಅಹಮದಾಬಾದಿನಲ್ಲಿ ವಿಮಾ ಅಧಿಕಾರಿಯೊಬ್ಬರ ಫ್ಲ್ಯಾಟಿನಲ್ಲಿ ಕನ್ನಡಿಗರು ಸೇರುವುದಿತ್ತು, ಅದಕ್ಕೆ ವಡೋದರಾದಿಂದ ಅತ್ತೆಯ ಜೊತೆ ತಾವೂ ಬರುತ್ತೇವೆಂದರು. ನಾನು ಹೋಗುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಹೋಳಿಗೆಯ ವಾಸನೆ. ಮನೆಯ ಯಜಮಾನತಿ, ದಾವಣಗೆರೆ ಕಡೆಯವರು, ನನ್ನ ಕೈಗೆ ಬೇವು ಬೆಲ್ಲ ಕೊಡುತ್ತ ನಕ್ಕರು.

"ಕಂಗ್ರಾಟ್ಸ್ ಕಣಮ್ಮ! ಸೂರತ್ತಿಂದ ಇಲ್ಲಿಗೇ ಟ್ರಾನ್ಸ್‌ಫರ್ ಆಯ್ತಂತಲ್ಲ? ಒಳ್ಳೇ ಊರಿಗೆ ಹಾಕಿದಾರೆ ಬಿಡು."

ನಾನು ಮಾವನ ಕಡೆ ನೋಡಿದೆ. ಮಾವ ಸೀಲಿಂಗ್ ಫ್ಯಾನು ನೋಡುತ್ತಿದ್ದರು. ಬಣ್ಣದ ಗಿರಣಿಯಿಂದ ಕೊಳಚೆ ನೀರಿನ ಪ್ರಯೋಗಾಲಯಕ್ಕೆ ವರ್ಗ! ಕೇಳಿದವರು ಯಾರೂ ಇದು ಹೇಗೆ ಸಾಧ್ಯ ಎಂದು ಕೇಳಿರಲಿಲ್ಲ. ವರ್ಗ ಎಂಬ ಮಾತು ಬಂದರೆ ಆ ಜನ ಮುಂದೆ ಯೋಚಿಸುವುದಿಲ್ಲ. ಅವರ ಪ್ರಪಂಚದಲ್ಲಿ ಮನುಷ್ಯ ಒಂದೂರಿಂದ ಇನ್ನೊಂದೂರಿಗೆ ಹೋಗಲು ಇರುವುದು ಅದೊಂದೇ ದಾರಿ.

"ಟ್ರಾನ್ಸ್‌ಫರ್ ಅಲ್ರೀ" ಎಂದೆ. "ಸೂರತ್ತಿನಾಗ ನನ್ನ ಕೆಲಸದಿಂದ ತಗದ್ರು. ಮೂರು ತಿಂಗಳ ಮನ್ಯಾಗ ಇದ್ದೆ. ಇದು ಬ್ಯಾರೆ ಕೆಲಸ, ನಾ ಹುಡುಕಿದ್ದು."

ಬ್ಯಾಂಕಿನವರೊಬ್ಬರು ಕೆಮ್ಮಿದರು. ಮಾವ ಮೆಲ್ಲಗೆ, "ಹಬ್ಬದ ದಿನಾ ಇದನ್ನ ಹೇಳಬೇಕಿತ್ತೇನು?" ಎಂದರು. ಅತ್ತೆ, "ನೀವು ಹಬ್ಬದ ದಿನಾ ಅದನ್ನ ಹೇಳಬೇಕಿತ್ತೇನು?" ಎಂದು ಅಷ್ಟೇ ಮೆಲ್ಲಗೆ ಕೇಳಿದರು. ಆಮೇಲೆ ಯಾರೋ ಈ ಸಲದ ಬಿಸಿಲಿನ ವಿಷಯ ತೆಗೆದರು. ಎಲ್ಲರೂ ಆಸೆಯಿಂದ ಬಿಸಿಲಿಗೆ ಓಡಿದರು. ಕೆಲಸ ಹೋಗುವುದು ಅಂಟುರೋಗವೆಂಬಂತೆ ನನ್ನ ಎರಡೂ ಪಕ್ಕದ ಕುರ್ಚಿಗಳು ಖಾಲಿಯಾದವು. ಸೆಖೆಯಿತ್ತು, ಗಾಳಿಗೆ ಒಳ್ಳೆಯದಾಯಿತು.

ಊಟವಾದ ಮೇಲೆ ತಟ್ಟೆ ಇಡಲು ಅಡುಗೆಮನೆಗೆ ಹೋದೆ. ಯಜಮಾನತಿ ಹಿಂದೆಯೇ ಬಂದು ಬಾಗಿಲು ಮುಂದಕ್ಕೆ ಮಾಡಿದರು. ನಲ್ಲಿ ತಿರುಗಿಸಿ ನೀರು ಬಿಟ್ಟರು. ತೊಳೆಯಲು ಏನೂ ಎತ್ತಿಕೊಳ್ಳಲಿಲ್ಲ.

"ನಮ್ಮ ಹುಡುಗನೂ ಸೂರತ್ತಲ್ಲೇ ಇರೋದು" ಎಂದರು. "ವಜ್ರದ ಕಂಪನಿ ಆಫೀಸಲ್ಲಿ. ದೀಪಾವಳಿಗೆ ರಜಾ ಅಂತ ಬಂದೋನು. ನೀನು ಮಾತಾಡಿದ ಹೊತ್ತಿಂದ ಒಳಗೆ ಬಾಗಿಲು ಹಾಕ್ಕೊಂಡು ಕೂತಿದಾನೆ. ನೀನು ಹೆಂಗೆ ಕೇಳಿದೆ ಅವರನ್ನ?"

ಅವರ ದನಿ ನೀರಿನ ಸದ್ದಿಗಿಂತ ಕೆಳಗಿತ್ತು.

"ಸ್ವಲ್ಪ ಜೋರಾಗಿ ಹೇಳ್ರಿ, ಕೇಳವಲ್ದು" ಎಂದೆ. ಕೇಳಿಸಿತ್ತು.

ಅವರು ಬಾಗಿಲ ಕಡೆ ನೋಡಿದರು. ಮತ್ತೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು. ನಾನು ನಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ರಾಜೀನಾಮೆ ಬರೆಯಬಾರದೆಂದು ಹೇಳಿದೆ. ಹೋಗಿ ಕೂರಬೇಕೆಂದು, ದಿನವೂ ಕೂರಬೇಕೆಂದು, ಒಂದು ವಾರದ ಬಟ್ಟೆ ಒಯ್ಯಬೇಕೆಂದು ಹೇಳಿದೆ. ಮಗನನ್ನೇ ಕರೆಯಿರಿ, ಅವನಿಗೇ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಹೌದೆಂದೋ ಬೇಡವೆಂದೋ ತಿಳಿಯಲಿಲ್ಲ.

ಹೊರಗೆ ಬಂದಾಗ ಅವರ ಯಜಮಾನರು ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದರು. "ಏನು, ಇಬ್ಬರೂ ಬಾಗಿಲು ಹಾಕ್ಕೊಂಡು ಅಷ್ಟು ಹೊತ್ತು ಮಾತು?"

"ಏನಿಲ್ಲ" ಎಂದರು ಆಕೆ, ಒದ್ದೆಯಾಗದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಈ ಕಡೆ ರೂಮಿಗೆ ಬಾಡಿಗೆ ಎಷ್ಟಿದೆ ಅಂತ ಕೇಳ್ತಿದ್ದೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಎಲೆಗೆ ಸುಣ್ಣ ಹಚ್ಚಿದೆ. ಅವರ ಮಗ, ಅವರ ಮಾತು. ಅದನ್ನೂ ನಾನೇ ಹೇಳಿದರೆ ಅವನು ಹೇಳಲು ಏನು ಉಳಿಯುತ್ತದೆ?